ದಂಡ ಯಾವುದಕ್ಕೆ, ಕಾಗದಕ್ಕೋ ಬ್ರೇಕಿಗೋ?

ಹಳದಿ ಬೋರ್ಡಿನ ಗಾಡಿಗಳಿಗೆಲ್ಲ ಎಫ್‌ಸಿ ಬೇಕು. ಆಟೋ ಇರಲಿ, ಟ್ಯಾಕ್ಸಿ ಇರಲಿ, ಶಾಲಾ ಬಸ್ಸು, ಜಲ್ಲಿ ಹೊರುವ ಟಿಪ್ಪರು, ಸಿಮೆಂಟು ಹೊತ್ತ ಲಾರಿ ಇರಲಿ, ಯಾವುದಕ್ಕೂ ವಿನಾಯಿತಿ ಇಲ್ಲ. ಈ ಗಾಡಿ ರಸ್ತೆಯಲ್ಲಿ ಓಡಲು ಯೋಗ್ಯವಾಗಿದೆ ಎಂದು ಪರೀಕ್ಷೆ ಮಾಡಿ ಬರೆದುಕೊಡುವ ಪತ್ರ ಅದು. ಅದರ ಅವಧಿ ಮುಗಿದ ಮೇಲೂ ಗಾಡಿ ಓಡಿಸಿದರೆ ದಂಡ. ದಂಡ ಎಷ್ಟು, ಅದು ಯಾರ ಮೇಲೆ ಬೀಳುತ್ತದೆ, ಅದರಿಂದ ರಸ್ತೆಗೆ ಏನು ಲಾಭ ಎಂಬುದು ಇವತ್ತಿನ ಮಾತು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕಾಗದ ಇಲ್ಲದ್ದಕ್ಕೆ ಬೀಳುವ ದಂಡ ಹೆಚ್ಚು, ಬ್ರೇಕು ಕೆಟ್ಟದ್ದಕ್ಕೆ ಬೀಳುವ ದಂಡ ಕಡಿಮೆ. ತಡವಾಗಿಯಾದರೂ ಪರೀಕ್ಷೆಗೆ ಬಂದವನಿಗೆ ಹೊರೆ ಹೆಚ್ಚು, ಬಾರದೇ ಉಳಿದವನಿಗೆ ಕಡಿಮೆ. ಈ ಎರಡು ಲೆಕ್ಕಗಳನ್ನು ಸರಿಪಡಿಸದೆ ದಂಡದ ಮೊತ್ತವನ್ನಷ್ಟೇ ಏರಿಸುತ್ತಾ ಹೋದರೆ ರಸ್ತೆ ಸುರಕ್ಷಿತವಾಗುವುದಿಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಒಂದು ಕಠಿಣ ಮಾತು ಹೇಳುತ್ತದೆ. ಎಫ್‌ಸಿ ಇಲ್ಲದ ಸಾರಿಗೆ ವಾಹನಕ್ಕೆ ನೋಂದಣಿಯೇ ಇಲ್ಲ ಎಂದು ತಿಳಿಯಬೇಕು. ಅಂದರೆ ಕೈಯಲ್ಲಿ ಆರ್‌ಸಿ ಇರಬಹುದು. ಮುಂದೆ ಹಿಂದೆ ನಂಬರ್ ಪ್ಲೇಟ್ ಇರಬಹುದು. ತೆರಿಗೆಯೂ ಕಟ್ಟಿರಬಹುದು. ಎಫ್‌ಸಿ ಮುಗಿದ ಮರುದಿನದಿಂದ ಕಾನೂನಿನ ಕಣ್ಣಿನಲ್ಲಿ ಅದು ನೋಂದಣಿ ಆಗದ ಗಾಡಿ. ನೋಂದಣಿ ಆಗದ ಗಾಡಿ ಓಡಿಸುವುದಕ್ಕೆ 192ನೇ ಸೆಕ್ಷನ್ ಶಿಕ್ಷೆ ಹೇಳುತ್ತದೆ. ಮೊದಲ ಸಲ ಸಿಕ್ಕಿದರೆ 2,000 ರೂಪಾಯಿಗೆ ಕಡಿಮೆ ಇಲ್ಲದ, 5,000 ರೂಪಾಯಿ ಮೀರದ ದಂಡ. ಮತ್ತೆ ಸಿಕ್ಕಿದರೆ ದಂಡ 5,000ದಿಂದ 10,000. ಇಲ್ಲವೇ ಒಂದು ವರ್ಷದವರೆಗೆ ಜೈಲು. ಇಲ್ಲವೇ ಎರಡೂ. ಗಾಡಿಯನ್ನು ತಡೆದು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ 207ನೇ ಸೆಕ್ಷನ್‌ನಲ್ಲಿದೆ. ಒಂದು ಕರುಣೆಯ ಬಾಗಿಲನ್ನೂ ಇಟ್ಟಿದ್ದಾರೆ. ರೋಗಿಯನ್ನೋ ಗಾಯಾಳುವನ್ನೋ ತುರ್ತಾಗಿ ಸಾಗಿಸುತ್ತಿದ್ದರೆ, ಸಂಕಷ್ಟದಲ್ಲಿರುವವರಿಗೆ ಆಹಾರ, ಔಷಧ ಒಯ್ಯುತ್ತಿದ್ದರೆ ಈ ದಂಡ ಇಲ್ಲ. ಏಳು ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರೆ ಸಾಕು. ಇನ್ನು ಎಫ್‌ಸಿಯ ಅವಧಿ. ಹೊಸ ಗಾಡಿಗೆ ಎರಡು ವರ್ಷ. ಆಮೇಲೆ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷ. ಎಂಟು ದಾಟಿದ ಮೇಲೆ ವರ್ಷಕ್ಕೊಮ್ಮೆ. ಪರೀಕ್ಷೆಯಲ್ಲಿ ಬ್ರೇಕು, ಸ್ಟೀರಿಂಗು, ಹೆಡ್‌ಲೈಟಿನ ಬೆಳಕಿನ ದಿಕ್ಕು, ಹಿಂದಿನ ದೀಪ, ರಿಫ್ಲೆಕ್ಟರು, ಹಾರನ್ನು, ವೈಪರು, ಕನ್ನಡಿ, ಹೊಗೆ ಎಲ್ಲವನ್ನೂ ನೋಡಬೇಕೆಂದು ನಿಯಮ ಹೇಳುತ್ತದೆ.

ಎಫ್‌ಸಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದಿರಿ. ಈಗ ಇನ್ನೊಂದು ಪ್ರಶ್ನೆ. ಎಫ್‌ಸಿ ಇದೆ, ಆದರೆ ಬ್ರೇಕು ಸರಿಯಿಲ್ಲ. ಆಗ ಏನು? ಅದಕ್ಕೆ ಬೇರೆ ಸೆಕ್ಷನ್ ಇದೆ, 190. ಗಾಡಿಯಲ್ಲಿ ಅಪಾಯ ತರುವಂಥ ದೋಷ ಇದೆ, ಅದು ಗೊತ್ತಿತ್ತು, ಅಥವಾ ಸ್ವಲ್ಪ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿತ್ತು ಅನ್ನಿ. ಅಂಥ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ ದಂಡ 1,500 ರೂಪಾಯಿ. 2019ರ ತಿದ್ದುಪಡಿಗೆ ಮೊದಲು ಅದು 250 ರೂಪಾಯಿಯ ಮಟ್ಟದಲ್ಲಿತ್ತು. ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಗಾಡಿ ಗಟ್ಟಿಮುಟ್ಟಾಗಿದೆ, ಎಫ್‌ಸಿ ಮುಗಿದು ಒಂದು ವಾರ ಆಗಿದೆ: ಕನಿಷ್ಠ 2,000 ರೂಪಾಯಿ. ಎಫ್‌ಸಿ ಜೇಬಿನಲ್ಲಿದೆ, ಬ್ರೇಕು ಸವೆದು ಹೋಗಿದೆ: 1,500 ರೂಪಾಯಿ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ, ಆಗ ಮಾತ್ರ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಬ್ರಿಟನ್ನಿನಲ್ಲಿ ಈ ಲೆಕ್ಕ ತಿರುಗಾಮುರುಗಾ. ಅಲ್ಲಿನ ವಾರ್ಷಿಕ ಪರೀಕ್ಷೆಗೆ ಎಂಒಟಿ ಎಂದು ಹೆಸರು. ಎಂಒಟಿ ಇಲ್ಲದೆ ಕಾರು ಓಡಿಸಿದರೆ ಗರಿಷ್ಠ 1,000 ಪೌಂಡು, ನಮ್ಮ ಹಣದಲ್ಲಿ ಸುಮಾರು ಒಂದು ಲಕ್ಷ ರೂಪಾಯಿ. ಲೈಸೆನ್ಸಿನ ಮೇಲೆ ಕಪ್ಪು ಚುಕ್ಕೆ ಬೀಳುವುದಿಲ್ಲ. ಆದರೆ ಅಪಾಯಕಾರಿ ಸ್ಥಿತಿಯಲ್ಲಿರುವ ಕಾರು ಓಡಿಸಿದರೆ ಗರಿಷ್ಠ 2,500 ಪೌಂಡು. ಜೊತೆಗೆ ಲೈಸೆನ್ಸಿಗೆ ಮೂರು ಪಾಯಿಂಟು ಏಟು. ಚಾಲನೆಗೆ ನಿಷೇಧವೂ ಬೀಳಬಹುದು. ಮೊತ್ತವನ್ನು ನಮ್ಮ ಜೇಬಿಗೆ ಹೋಲಿಸುವುದು ಬೇಡ, ಅವರ ಸಂಬಳ ಬೇರೆ, ನಮ್ಮ ಸಂಬಳ ಬೇರೆ. ಯಾವ ತಪ್ಪನ್ನು ದೊಡ್ಡದೆಂದು ಎಣಿಸಿದ್ದಾರೆ ಎಂಬುದನ್ನಷ್ಟೇ ನೋಡಿ.

ಕಾನೂನು ಬಲ್ಲ ಕೇಳುಗರು ಇಲ್ಲಿ ನನ್ನನ್ನು ತಡೆಯಬಹುದು. ಅದೇ 190ನೇ ಸೆಕ್ಷನ್ನಿಗೆ ಎರಡನೇ ಉಪಸೆಕ್ಷನ್ ಇದೆಯಲ್ಲ ಎನ್ನಬಹುದು. ಇದೆ. ರಸ್ತೆ ಸುರಕ್ಷತೆ, ಸದ್ದು, ಹೊಗೆ ಇವುಗಳ ಮಾನದಂಡ ಮೀರಿದ ಗಾಡಿಗೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಹಾಕಬಹುದು, ಮೂರು ತಿಂಗಳು ಲೈಸೆನ್ಸನ್ನೂ ತಡೆಹಿಡಿಯಬಹುದು. ದೊಣ್ಣೆ ಇಲ್ಲವೆಂದಲ್ಲ. ಆದರೆ ಆ ದೊಣ್ಣೆಯ ಹೆಸರು ಕೇಳಿಬರುವುದು ಹೊಗೆಯ ವಿಷಯದಲ್ಲಿ, ಕರ್ಕಶ ಸೈಲೆನ್ಸರಿನ ವಿಷಯದಲ್ಲಿ. ಬ್ರೇಕಿನ ವಿಷಯದಲ್ಲಿ ಅಪರೂಪ. ಕಾರಣ ಸರಳ. ಹೊಗೆ ಅಳೆಯುವ ಯಂತ್ರ ಪೆಟ್ರೋಲ್ ಬಂಕಿನ ಪಕ್ಕದಲ್ಲೇ ಇರುತ್ತದೆ. ಸದ್ದು ಕಿವಿಗೇ ಕೇಳುತ್ತದೆ. ಬ್ರೇಕಿನ ಹಿಡಿತ ಎಷ್ಟಿದೆ ಎಂದು ತುಮಕೂರು ರಸ್ತೆಯ ಬದಿಯಲ್ಲಿ ನಿಂತ ಪೊಲೀಸರು ಹೇಗೆ ಅಳೆಯಬೇಕು? ಅವರ ಕಣ್ಣಿಗೆ ಬೀಳುವುದು ದಿನಾಂಕ. ಹಾಗಾಗಿ ದಿನಾಂಕಕ್ಕೇ ದಂಡ. ಇದರಲ್ಲಿ ಒಂದು ನ್ಯಾಯವೂ ಇದೆ, ಒಪ್ಪುತ್ತೇನೆ. ರಸ್ತೆಯ ಮೇಲೆ ಬ್ರೇಕು ಅಳೆಯಲು ಆಗದಿದ್ದರೆ, ಅಳೆದು ಕೊಟ್ಟ ಪತ್ರವನ್ನೇ ಕೇಳಬೇಕು. ಆ ಪತ್ರ ಇಲ್ಲದವನಿಗೆ ಪೆಟ್ಟು ಕೊಡಬೇಕು. ಆದರೆ ಈ ತರ್ಕ ನಿಲ್ಲಬೇಕಾದರೆ ಪರೀಕ್ಷೆ ನಿಜವಾದ ಪರೀಕ್ಷೆ ಆಗಿರಬೇಕು, ಗಾಡಿಗಳು ಪರೀಕ್ಷೆಗೆ ಬರುವಂತೆಯೂ ಇರಬೇಕು. ಎರಡೂ ನಮ್ಮಲ್ಲಿ ಸಡಿಲ. ಅದಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಇನ್ನೊಂದು ಆಕ್ಷೇಪಕ್ಕೆ ಉತ್ತರಿಸಬೇಕು, ಏಕೆಂದರೆ ಅದು ನಿಂತರೆ ಇಡೀ ಚರ್ಚೆಯೇ ವ್ಯರ್ಥ. ಅಪಘಾತ ಆಗುವುದು ಅತಿವೇಗದಿಂದ, ಗಾಡಿಯ ಸ್ಥಿತಿಯಿಂದಲ್ಲ ಎನ್ನುವವರಿದ್ದಾರೆ. ಅಂಕಿಅಂಶವೂ ಅವರ ಪರ ನಿಂತಂತೆ ಕಾಣುತ್ತದೆ. 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 1 ಲಕ್ಷ 72 ಸಾವಿರ ಜನ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ಈ ಸಾವುಗಳಲ್ಲಿ ನೂರಕ್ಕೆ ಸುಮಾರು 70 ಅತಿವೇಗದ ಲೆಕ್ಕಕ್ಕೆ ಹೋಗುತ್ತವೆ. ಆದರೆ ವೇಗ ಮತ್ತು ಬ್ರೇಕು ಬೇರೆ ಬೇರೆ ಸಂಗತಿಗಳೇ? ಒಂದು ಚಿಕ್ಕ ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು, ಒಣಗಿದ ರಸ್ತೆ, ಒಳ್ಳೆಯ ಬ್ರೇಕು. ಬ್ರೇಕು ತುಳಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಕಾರಿನ ಬ್ರೇಕಿನ ಹಿಡಿತ ಅರ್ಧಕ್ಕೆ ಇಳಿದಿದ್ದರೆ 40 ಮೀಟರು ಬೇಕು. ಇಷ್ಟೇ ಆದರೆ ಎರಡು ಲಾರಿಯಷ್ಟು ಉದ್ದದ ವ್ಯತ್ಯಾಸ ಅನ್ನಿಸಬಹುದು. ಈಗ ಹೀಗೆ ಯೋಚಿಸಿ. ಒಳ್ಳೆಯ ಬ್ರೇಕಿನ ಕಾರು ಪೂರ್ತಿ ನಿಂತುಬಿಟ್ಟ ಜಾಗವನ್ನು ಕೆಟ್ಟ ಬ್ರೇಕಿನ ಕಾರು ದಾಟುವಾಗ ಅದರ ವೇಗ ಇನ್ನೂ 40ಕ್ಕಿಂತ ಮೇಲೆಯೇ ಇರುತ್ತದೆ. ಆ ಜಾಗದಲ್ಲಿ ಒಬ್ಬರು ರಸ್ತೆ ದಾಟುತ್ತಿದ್ದರೆ, ಮೊದಲನೇ ಕಾರು ಅವರನ್ನು ಮುಟ್ಟುವುದೂ ಇಲ್ಲ. ಎರಡನೆಯದು ಬದುಕಲು ಬಿಡುವುದು ಕಷ್ಟ. ಎರಡೂ ಕಾರಿನ ವೇಗ ಒಂದೇ ಇತ್ತು. ಪೊಲೀಸರ ದಾಖಲೆಯಲ್ಲಿ ಕಾರಣ ಎಂದು ಬರೆಯುವಾಗ ಎದ್ದು ಕಾಣುವುದು ವೇಗ. ಸವೆದ ಬ್ರೇಕ್ ಶೂ ಅಲ್ಲಿ ಹೆಸರು ಪಡೆಯುವುದು ಕಷ್ಟ. ಇನ್ನು ಹಿಂದಿನ ದೀಪ ಇಲ್ಲದೆ ರಾತ್ರಿ ಹೆದ್ದಾರಿಯ ಅಂಚಿನಲ್ಲಿ ನಿಂತ ಲಾರಿ. ಅದಕ್ಕೆ ವೇಗವೇ ಇಲ್ಲ. ಹಿಂದಿನಿಂದ ಬಂದು ಗುದ್ದಿದವನದು ಅತಿವೇಗ ಎಂದಾಗುತ್ತದೆ. ಹಾಗಾಗಿ ಅತಿವೇಗದ ಅಂಕಿಯನ್ನು ಮುಂದೆ ಹಿಡಿದು ಗಾಡಿಯ ಪರೀಕ್ಷೆಯನ್ನು ಕಡೆಗಣಿಸಲು ಆಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ನಮ್ಮ ದಂಡ ಕಾಗದವನ್ನು ಹಿಡಿದು ಬ್ರೇಕನ್ನು ಬಿಡುತ್ತದೆ. ಆದರೆ ಜೀವ ಇರುವುದು ಬ್ರೇಕಿನಲ್ಲಿ. ಈಗ ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ತಡವಾದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? 2016ರ ಕೊನೆಯಲ್ಲಿ ಕೇಂದ್ರದ ನಿಯಮಕ್ಕೆ ಒಂದು ಸಾಲು ಸೇರಿತು. ಎಫ್‌ಸಿ ಅವಧಿ ಮುಗಿದ ಮೇಲೆ ತಡವಾದ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. ಕೇಳಲು ಚಿಕ್ಕ ಮೊತ್ತ. ಒಂದು ಚಹಾ, ಒಂದು ವಡೆಯ ದುಡ್ಡು. ಲೆಕ್ಕ ಹಾಕಿದರೆ ತಿಂಗಳಿಗೆ 1,500. ಆರು ತಿಂಗಳಿಗೆ ಸುಮಾರು 9,000. ವರ್ಷಕ್ಕೆ 18,000 ದಾಟುತ್ತದೆ. ಇದು ಆಟೋಗೂ ಒಂದೇ, ಹತ್ತು ಚಕ್ರದ ಲಾರಿಗೂ ಒಂದೇ. ಈಗ ಒಬ್ಬ ಆಟೋ ಚಾಲಕನ ಜಾಗದಲ್ಲಿ ನಿಂತು ನೋಡಿ. ಇಂಜಿನ್ ಕೆಲಸಕ್ಕೆ ದುಡ್ಡು ಹೊಂದಿಸಲಾಗದೆ, ಅಥವಾ ಮನೆಯಲ್ಲಿ ಕಾಯಿಲೆ ಬಿದ್ದು, ಆರು ತಿಂಗಳು ಎಫ್‌ಸಿ ತಪ್ಪಿತು. ಈಗ ಪರೀಕ್ಷೆಗೆ ಹೋದರೆ ತಡದ ಶುಲ್ಕವೇ 9,000, ರಿಪೇರಿ ಖರ್ಚು ಬೇರೆ. ಹೋಗದೆ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ಗರಿಷ್ಠ 5,000. ಸಿಗದೇ ಹೋದರೆ ಸೊನ್ನೆ. ಇನ್ನೊಂದು ತಿಂಗಳು ತಳ್ಳಿದರೆ ಶುಲ್ಕ ಇನ್ನೂ ಬೆಳೆಯುತ್ತದೆ, ದಂಡ ಅಲ್ಲೇ ಇರುತ್ತದೆ. ಹಾಗಾಗಿ ದಿನ ಕಳೆದಂತೆ ಪರೀಕ್ಷೆಗೆ ಹೋಗುವುದು ದುಬಾರಿ, ತಪ್ಪಿಸಿಕೊಂಡು ಓಡಾಡುವುದು ಅಗ್ಗ. ಯಾವ ಗಾಡಿಯನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕೋ ಅದೇ ಗಾಡಿಗೆ ನಾವು ಬಾಗಿಲಲ್ಲಿ ಎತ್ತರದ ಹೊಸ್ತಿಲು ಕಟ್ಟಿದ್ದೇವೆ. 2024ರಲ್ಲಿ ಮಹಾರಾಷ್ಟ್ರದ ಆಟೋ, ಟ್ಯಾಕ್ಸಿ ಚಾಲಕರು ಈ ಶುಲ್ಕದ ವಿರುದ್ಧ ಬೀದಿಗಿಳಿದರು. ಅವರ ಕೂಗನ್ನು ಬಡವರ ಗೋಳು ಎಂದು ಮಾತ್ರ ಕೇಳಿದವರು ಅದರೊಳಗಿದ್ದ ಸುರಕ್ಷತೆಯ ಪ್ರಶ್ನೆಯನ್ನು ಕೇಳಲಿಲ್ಲ.

ಹಾಗಾದರೆ ತಡವಾದವರಿಗೆ ಏನೂ ಹಾಕಬಾರದೇ? ಹಾಕಬೇಕು. ಹೇಗೆ ಎಂಬುದಕ್ಕೆ ಜರ್ಮನಿಯ ಕ್ರಮ ನೋಡಿ. ಅಲ್ಲಿ ಕಾರಿನ ಹಿಂದಿನ ನಂಬರ್ ಪ್ಲೇಟಿನ ಮೇಲೆ ದುಂಡನೆಯ, ಬಣ್ಣದ ಒಂದು ಚೀಟಿ ಅಂಟಿಸಿರುತ್ತಾರೆ. ಮುಂದಿನ ಪರೀಕ್ಷೆ ಯಾವ ವರ್ಷ, ಯಾವ ತಿಂಗಳು ಎಂದು ಅದರ ಮೇಲೆ ಇರುತ್ತದೆ. ಹಿಂದಿನಿಂದ ಬರುವ ಪೊಲೀಸರಿಗೆ ಗಾಡಿ ನಿಲ್ಲಿಸದೆಯೇ ಗೊತ್ತಾಗುತ್ತದೆ. ಎರಡು ತಿಂಗಳ ಒಳಗಿನ ತಡಕ್ಕೆ ದಂಡ ಇಲ್ಲ. ಎರಡರಿಂದ ನಾಲ್ಕು ತಿಂಗಳಾದರೆ 15 ಯೂರೋ. ಎಂಟು ತಿಂಗಳವರೆಗೆ 25. ಎಂಟು ದಾಟಿದರೆ 60 ಯೂರೋ, ಜೊತೆಗೆ ಲೈಸೆನ್ಸಿನ ಲೆಕ್ಕಕ್ಕೆ ಒಂದು ಪಾಯಿಂಟು. ಎರಡು ತಿಂಗಳಿಗಿಂತ ತಡವಾಗಿ ಬಂದ ಗಾಡಿಗೆ ಇನ್ನಷ್ಟು ಕಟ್ಟುನಿಟ್ಟಾದ ಪರೀಕ್ಷೆ, ಅದಕ್ಕೆ ಸ್ವಲ್ಪ ಹೆಚ್ಚು ಶುಲ್ಕ. ಗಮನಿಸಿ, ತಡವಾದಷ್ಟೂ ರಸ್ತೆಯಲ್ಲಿ ಸಿಕ್ಕಿಬೀಳುವುದು ದುಬಾರಿಯಾಗುತ್ತಾ ಹೋಗುತ್ತದೆ. ಪರೀಕ್ಷೆಯ ಬಾಗಿಲು ಅಷ್ಟು ದುಬಾರಿ ಆಗುವುದಿಲ್ಲ. ನಮ್ಮದು ಇದರ ವಿರುದ್ಧ ದಿಕ್ಕಿನಲ್ಲಿದೆ. ನನ್ನ ಅಭಿಪ್ರಾಯದಲ್ಲಿ ತಡದ ಶುಲ್ಕಕ್ಕೆ ಒಂದು ಮಿತಿ ಬೇಕು, ಅದು ಗಾಡಿಯ ಗಾತ್ರಕ್ಕೆ ತಕ್ಕಂತಿರಬೇಕು. ರಸ್ತೆಯ ಮೇಲಿನ ದಂಡ ಮಾತ್ರ ತಡವಾದ ತಿಂಗಳುಗಳ ಜೊತೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ತಡದ ಲೆಕ್ಕ ಆಯಿತು. ಈಗ ದಂಡ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ. ಕಾಯ್ದೆ ಇಬ್ಬರನ್ನೂ ಹಿಡಿಯುತ್ತದೆ. ಓಡಿಸಿದವನೂ ತಪ್ಪಿತಸ್ಥ, ಓಡಿಸಲು ಬಿಟ್ಟವನೂ ತಪ್ಪಿತಸ್ಥ. ಆದರೆ ತಡೆದ ಜಾಗದಲ್ಲಿ ಸ್ಟೀರಿಂಗ್ ಹಿಡಿದು ಕೂತಿರುವವನು ಚಾಲಕ. ಮಾಲೀಕರು ಬೇರೆ ಊರಿನಲ್ಲಿರುತ್ತಾರೆ. ಟಯರು ಬದಲಿಸಬೇಕೋ ಬೇಡವೋ, ಬ್ರೇಕ್ ಲೈನಿಂಗ್ ಹಾಕಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮಾಲೀಕರು. ದಿನಗೂಲಿಯ ಚಾಲಕ ಲೈಸೆನ್ಸು ಒತ್ತೆಯಿಟ್ಟು ನಿಲ್ಲುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬಡವರ ಮೇಲೆ ದಂಡ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲೇ ಇದೆ. ದಂಡವನ್ನು ಬಿಡಬೇಕಾಗಿಲ್ಲ, ಅದರ ವಿಳಾಸ ಬದಲಾಗಬೇಕು. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ ಚಲನ್ ಹೋಗಬೇಕು. ಐದು ಗಾಡಿ ಇರುವವರ ಐದರಲ್ಲೂ ಎಫ್‌ಸಿ ಇಲ್ಲದಿದ್ದರೆ, ಪ್ರತಿ ಗಾಡಿಗೂ ಅದು ಮೊದಲ ತಪ್ಪು ಎಂದು ಎಣಿಸಬಾರದು. ಅದು ಒಬ್ಬರ ಐದು ತಪ್ಪು. ಇನ್ನು ತನ್ನ ಗಾಡಿಗೆ ತಾನೇ ಮಾಲೀಕ, ತಾನೇ ಚಾಲಕ ಆಗಿರುವ ಆಟೋದವರ ಮಾತು ಬೇರೆ. ಅವರಿಗೆ ಬೇಕಾದದ್ದು ರಿಪೇರಿಗೆ ಸಮಯ ಮತ್ತು ಸಾಲ. ಅದು ದಂಡದ ಪಟ್ಟಿಯಲ್ಲಿ ಸಿಗುವ ವಸ್ತುವಲ್ಲ.

ಇಷ್ಟು ಹೊತ್ತು ಪರೀಕ್ಷೆ ಪ್ರಾಮಾಣಿಕವಾಗಿದೆ ಎಂದು ಇಟ್ಟುಕೊಂಡು ಮಾತಾಡಿದೆ. ಕೇಳುಗರಲ್ಲಿ ಹಲವರು ಒಳಗೊಳಗೇ ನಕ್ಕಿರಬೇಕು. ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ಹತ್ತದೆಯೇ ಎಫ್‌ಸಿ ಆಗುತ್ತದೆ, ಏಜೆಂಟ್ ಇದ್ದರೆ ಆಯಿತು ಎಂಬ ಮಾತು ನಾಡಿನ ಯಾವ ಲಾರಿ ಸ್ಟ್ಯಾಂಡಿನಲ್ಲೂ ಕೇಳುತ್ತದೆ. ಪರೀಕ್ಷೆಯ ದಿನಕ್ಕೆ ಒಳ್ಳೆಯ ಟಯರು ಬಾಡಿಗೆಗೆ ತಂದು ಹಾಕಿ, ಸಂಜೆ ಬಿಚ್ಚಿಕೊಡುವ ಮಾತೂ ಹಾಗೆಯೇ. ಇಂಥ ಪತ್ರ ಇಲ್ಲ ಎಂದು ದಂಡ ಹಾಕುವುದರಲ್ಲಿ ಏನು ನ್ಯಾಯ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಸರ್ಕಾರವೇ ಈ ಪತ್ರವನ್ನು ಬರೀ ಕಾಗದದಂತೆ ನಡೆಸಿಕೊಂಡ ಕಾಲವೂ ಇದೆ. ಕೋವಿಡ್ ಬಂದಾಗ, 2020ರ ಫೆಬ್ರವರಿಯಿಂದ ಮುಗಿದ ಎಫ್‌ಸಿಗಳ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿದರು. ಕೊನೆಗೆ 2021ರ ಅಕ್ಟೋಬರ್ ಕೊನೆಯವರೆಗೂ ಅದು ಹೋಯಿತು. ಕಚೇರಿಗಳು ಮುಚ್ಚಿದ್ದಾಗ ಬೇರೆ ದಾರಿ ಇರಲಿಲ್ಲ, ನಿಜ. ಆದರೆ ಹಾಲು, ತರಕಾರಿ, ಆಕ್ಸಿಜನ್ ಹೊತ್ತು ಗಾಡಿಗಳು ಓಡುತ್ತಲೇ ಇದ್ದವು. ಬ್ರೇಕಿನ ಸವೆತಕ್ಕೆ ಯಾವ ಆದೇಶವೂ ವಿಸ್ತರಣೆ ಕೊಡಲಿಲ್ಲ.

ಈ ಆಕ್ಷೇಪಕ್ಕೆ ಉತ್ತರ ಯಂತ್ರದ ಕಡೆ ಇದೆ, ಅರ್ಧ ಉತ್ತರವಾದರೂ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮ ತಂದಿತು. ನಮ್ಮಲ್ಲಿ ನೆಲಮಂಗಲದಲ್ಲಿ ಇಂಥ ಯಂತ್ರಗಳ ಕೇಂದ್ರ ಅದಕ್ಕೂ ಮೊದಲೇ ಇತ್ತು. ಅಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ಗಾಡಿಯ ಚಕ್ರಗಳು ನೆಲದಲ್ಲಿ ಹುದುಗಿಸಿದ ಉರುಳೆಗಳ ಮೇಲೆ ನಿಲ್ಲುತ್ತವೆ. ಉರುಳೆ ತಿರುಗುತ್ತದೆ, ಚಾಲಕ ಬ್ರೇಕು ತುಳಿಯುತ್ತಾನೆ. ಪ್ರತಿ ಚಕ್ರ ಎಷ್ಟು ಬಲದಿಂದ ಹಿಡಿಯಿತು ಎಂಬುದು ಅಂಕಿಯಾಗಿ ಕಂಪ್ಯೂಟರಿಗೆ ಹೋಗುತ್ತದೆ. ಎಡ ಚಕ್ರ ಬಿಗಿಯಾಗಿ ಹಿಡಿದು ಬಲ ಚಕ್ರ ಜಾರಿದರೆ ಅದೂ ತಿಳಿಯುತ್ತದೆ. ಅಂಥ ಗಾಡಿ ಜೋರಾಗಿ ಬ್ರೇಕು ಹಾಕಿದಾಗ ಒಂದು ಪಕ್ಕಕ್ಕೆ ಎಳೆಯುತ್ತದೆ. ಬರಿಗಣ್ಣಿನ ತಪಾಸಣೆಗೆ ಇದು ದಕ್ಕುವುದು ಕಷ್ಟ. ಈ ನಿಯಮದಲ್ಲಿ ನನಗೆ ಹಿಡಿಸಿದ ಅಂಶ ಇನ್ನೊಂದಿದೆ. ಪರೀಕ್ಷೆ ಮಾಡುವ ಕೇಂದ್ರ ರಿಪೇರಿ ಮಾಡುವಂತಿಲ್ಲ, ಬಿಡಿಭಾಗ ಮಾರುವಂತಿಲ್ಲ. ಫೇಲ್ ಮಾಡಿ ದುಡ್ಡು ಕೀಳುವ ದಾರಿಯನ್ನು ಮೊದಲೇ ಮುಚ್ಚಿದ್ದಾರೆ. ಬ್ರಿಟನ್ನಿನಲ್ಲಿ ಪರೀಕ್ಷೆಯೂ ರಿಪೇರಿಯೂ ಒಂದೇ ಗ್ಯಾರೇಜಿನಲ್ಲಿ ನಡೆಯಬಹುದು. ಈ ಒಂದು ವಿಷಯದಲ್ಲಿ ನಮ್ಮ ನಿಯಮವೇ ಮೇಲು. ಆದರೆ ನಿಯಮ ಕಡ್ಡಾಯವಾಗುವ ಗಡುವು ಹಲವು ಸಲ ಮುಂದಕ್ಕೆ ಹೋಯಿತು. ಸಾಕಷ್ಟು ಕೇಂದ್ರಗಳು ಇಲ್ಲದಿದ್ದದ್ದೇ ಕಾರಣ. ಕೇಂದ್ರ ದೂರವಾದಷ್ಟೂ ಏಜೆಂಟ್ ಹತ್ತಿರವಾಗುತ್ತಾನೆ. ಬೀದರಿನ ಲಾರಿಗೆ, ಚಾಮರಾಜನಗರದ ಗೂಡ್ಸ್ ಆಟೋಗೆ ಒಂದು ದಿನದ ಬಾಡಿಗೆ ಕಳೆದುಕೊಳ್ಳದೆ ಹೋಗಿ ಬರುವ ದೂರದಲ್ಲಿ ಕೇಂದ್ರ ಇರಬೇಕು. ಅದಿಲ್ಲದೆ ದಂಡ ಬಿಗಿ ಮಾಡುವುದನ್ನು ನಾನು ಒಪ್ಪಲಾರೆ.

ಪರೀಕ್ಷೆ ನಿಜವಾಗಬೇಕು ಎಂದಾಯಿತು. ಇನ್ನು ಸಿಕ್ಕಿಬೀಳುವ ಸಂಭವ. ದಂಡ ದೊಡ್ಡದಿದ್ದು ಸಿಕ್ಕಿಬೀಳುವುದು ಅಪರೂಪವಾದರೆ ಜನ ಅದೃಷ್ಟವನ್ನು ನಂಬುತ್ತಾರೆ. ದಂಡ ಸಾಧಾರಣವಾಗಿದ್ದು ಸಿಕ್ಕಿಬೀಳುವುದು ಖಚಿತವಾದರೆ ಕ್ಯಾಲೆಂಡರನ್ನು ನೋಡುತ್ತಾರೆ. ಈಗ ದೇಶದ ಗಾಡಿಗಳ ವಿವರವೆಲ್ಲ ವಾಹನ್ ಎಂಬ ಕಂಪ್ಯೂಟರ್ ಕೋಶದಲ್ಲಿದೆ. ಎಫ್‌ಸಿಯ ಕೊನೆಯ ದಿನವೂ ಅಲ್ಲಿದೆ. ಒಡಿಶಾ 2024ರಲ್ಲಿ ಟೋಲ್ ಗೇಟಿನ ಕ್ಯಾಮೆರಾಗಳನ್ನು ಈ ಕೋಶಕ್ಕೆ ಜೋಡಿಸಿತು. ಎಫ್‌ಸಿ, ಇನ್ಶೂರೆನ್ಸ್, ಹೊಗೆ ಪತ್ರ ಇಲ್ಲದ ಗಾಡಿಗಳಿಗೆ ಚಲನ್ ತಾನಾಗಿಯೇ ಹೋಗುವ ಏರ್ಪಾಡು ಅದು. ರಸ್ತೆಯಲ್ಲಿ ಕೈ ಅಡ್ಡ ಹಾಕುವವರಿಲ್ಲ, ಹಾಗಾಗಿ ಕೈ ಬೆಚ್ಚಗೆ ಮಾಡುವ ಅವಕಾಶವೂ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಬೇಕು. ಒಂದೇ ದಿನ ನಾಲ್ಕು ಟೋಲ್ ದಾಟಿದವನಿಗೆ ನಾಲ್ಕು ಚಲನ್ ಬರಬಾರದು. ಮೊದಲ ಸಲ ಮೊಬೈಲಿಗೆ ಎಚ್ಚರಿಕೆ, ಎರಡು ವಾರದ ಗಡುವು, ಆಮೇಲೆ ದಂಡ. ಬ್ರಿಟನ್ನಿನಲ್ಲಿ ಇನ್ನೊಂದು ಸಣ್ಣ, ಒಳ್ಳೆಯ ಏರ್ಪಾಡಿದೆ. ಮೊದಲೇ ದಿನ ಗೊತ್ತುಮಾಡಿಕೊಂಡು ಪರೀಕ್ಷೆಗೆ ಹೋಗುತ್ತಿರುವ ಗಾಡಿಗೆ ಎಂಒಟಿ ಇಲ್ಲವೆಂದು ದಂಡ ಹಾಕುವುದಿಲ್ಲ. ಪರೀಕ್ಷೆಗೆ ಹೊರಟವನನ್ನು ದಾರಿಯಲ್ಲಿ ಹಿಡಿಯುವುದರಿಂದ ಯಾರಿಗೂ ಪ್ರಯೋಜನವಿಲ್ಲವಲ್ಲ.

ಚಲನ್ನಿಗಿಂತ ದೊಡ್ಡ ಪೆಟ್ಟು ಇನ್ನೊಂದಿದೆ, ಅದು ಹಲವರಿಗೆ ತಿಳಿದಿಲ್ಲ. ಎಫ್‌ಸಿ ಇಲ್ಲದ ಗಾಡಿ ಅಪಘಾತ ಮಾಡಿದರೆ ಇನ್ಶೂರೆನ್ಸ್ ಕಂಪನಿ ಏನು ಮಾಡುತ್ತದೆ? ಈ ವಿಷಯದಲ್ಲಿ ನ್ಯಾಯಾಲಯಗಳ ತೀರ್ಪು ಎಲ್ಲ ಕಡೆ ಒಂದೇ ರೀತಿ ಇಲ್ಲ. ಕೇರಳ ಹೈಕೋರ್ಟಿನ ಪೂರ್ಣ ಪೀಠ 2018ರಲ್ಲಿ ಎಫ್‌ಸಿ ಇಲ್ಲದಿರುವುದು ಪಾಲಿಸಿಯ ಮೂಲಭೂತ ಷರತ್ತಿನ ಉಲ್ಲಂಘನೆ ಎಂದು ಹೇಳಿತು. ಹಾಗಾದಾಗ ಗಾಯಾಳುವಿಗೆ ಕಂಪನಿ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಒಂದು ಸಾವಿನ ಪರಿಹಾರ ಹತ್ತಾರು ಲಕ್ಷ ಆಗುವುದುಂಟು. ಎರಡು ಸಾವಿರದ ದಂಡಕ್ಕೆ ಹೆದರದವರು ಇದಕ್ಕೆ ಹೆದರಬೇಕು. ಆದರೆ ಹೆದರಲು ಮೊದಲು ಗೊತ್ತಿರಬೇಕು. ಪಾಲಿಸಿ ಕೊಡುವಾಗ ಈ ಮಾತನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಲು ಕಂಪನಿಗಳಿಗೆ ಹೆಚ್ಚು ಖರ್ಚಾಗುವುದಿಲ್ಲ.

ಕೊನೆಯದಾಗಿ ಬಿಳಿ ಬೋರ್ಡು. ಹಳದಿ ಬೋರ್ಡಿನವರು ದಿನಕ್ಕೆ 50 ರೂಪಾಯಿ ಲೆಕ್ಕದಲ್ಲಿ ತಡದ ಶುಲ್ಕ ಕಟ್ಟುತ್ತಾರೆ ಎಂದು ಕೇಳಿದಿರಿ. ಸ್ವಂತ ಕಾರು, ಸ್ಕೂಟರು, ಬೈಕು ಇರುವವರ ಗಾಡಿಯನ್ನು 15 ವರ್ಷ ಯಾರೂ ಪರೀಕ್ಷಿಸುವುದಿಲ್ಲ. ನೋಂದಣಿ 15 ವರ್ಷಕ್ಕೆ ಆಗಿರುತ್ತದೆ. ಅದು ಮುಗಿದ ಮೇಲೆ ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಅಲ್ಲಿಯವರೆಗೆ ಹೊಗೆ ಪತ್ರ ಒಂದನ್ನು ಬಿಟ್ಟರೆ ಗಾಡಿಯ ದೇಹಸ್ಥಿತಿಯನ್ನು ಕೇಳುವವರಿಲ್ಲ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಯಾಕೆ ಈ ಗೋಜು, ಕೋಟಿಗಟ್ಟಲೆ ಗಾಡಿಗಳನ್ನು ಯಾರು ಪರೀಕ್ಷಿಸುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ಎರಡನೆಯ ಮಾತು ಸರಿ. ಹಾಗಾಗಿ ಒಮ್ಮೆಗೇ ಎಲ್ಲ ಗಾಡಿಗೂ ಬೇಡ. ಬ್ರಿಟನ್ ಕೂಡ 1960ರಲ್ಲಿ ಆರಂಭಿಸಿದ್ದು ಹತ್ತು ವರ್ಷ ತುಂಬಿದ ಗಾಡಿಗಳಿಂದ. ನೋಡಿದ್ದು ಬ್ರೇಕು, ದೀಪ, ಸ್ಟೀರಿಂಗು ಇಷ್ಟನ್ನೇ. ಫೇಲಾದ ಗಾಡಿಗಳ ಸಂಖ್ಯೆ ಕಂಡು ಮರುವರ್ಷವೇ ಹತ್ತನ್ನು ಏಳಕ್ಕೆ ಇಳಿಸಿದರು, 1967ರಲ್ಲಿ ಮೂರಕ್ಕೆ. ನಾವೂ ಹತ್ತು ವರ್ಷದ ಕಾರಿನಿಂದ, ಅದೇ ಮೂರು ಅಂಗಗಳಿಂದ ತೊಡಗಬಹುದು. ಮೊದಲ ವರ್ಷ ದಂಡವೂ ಬೇಡ, ಏನು ಕೆಟ್ಟಿದೆ ಎಂಬ ಚೀಟಿ ಕೈಗೆ ಬಂದರೆ ಸಾಕು.

ಸದ್ಯದ ನಿಯಮವನ್ನು ಮಾತ್ರ ಸ್ವಂತ ಗಾಡಿಯವರು ಮರೆಯಬೇಡಿ. ನಿಮ್ಮ ಆರ್‌ಸಿಯ ಮೇಲೆ ನೋಂದಣಿ ಮುಗಿಯುವ ದಿನಾಂಕ ಇದೆ. ಅದಕ್ಕೆ 60 ದಿನ ಮುಂಚಿನಿಂದ ನವೀಕರಣಕ್ಕೆ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ ಬೈಕಿಗೆ 300, ಕಾರಿಗೆ 500 ರೂಪಾಯಿ. ನವೀಕರಿಸದೆ ಓಡಿಸಿದರೆ ಅದೂ ನೋಂದಣಿ ಇಲ್ಲದ ಗಾಡಿ, ಆರಂಭದಲ್ಲಿ ಹೇಳಿದ 192ನೇ ಸೆಕ್ಷನ್ ಅದಕ್ಕೂ ಅನ್ವಯಿಸುತ್ತದೆ.